ಟ್ಯೂಬ್ ದೋಣಿಯ ಮೂರನೇ ಪಂಕ್ಚರ್

ಮೊದಲು ಒಳ್ಳೇ ಸುದ್ದಿ. ಭಾನುವಾರ ಸಂಜೆ 7.15ಕ್ಕೆ ಒಂದು ಮುರುಗೋಡು ಮೀನು ಸಿಕ್ಕಿತು. ಮನೆಗೆ ತಂದು ತೂಗಿದರೆ 1 ಕೆಜಿ 400 ಗ್ರಾಂ. ಗಾಳಿ ತುಂಬಿದ ಲಾರಿ ಟ್ಯೂಬಿನಲ್ಲಿ ಕೂತು, ಕಾಲು ನೀರಿಗೆ ಇಳಿಬಿಟ್ಟುಕೊಂಡೇ ಹಿಡಿದದ್ದು. ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ದಡಕ್ಕೆ ಬಂದಾಗ ಟ್ಯೂಬಿನಲ್ಲಿ ಗಾಳಿ ಪೂರ್ತಿ ಇತ್ತು.

ಹಿಂದಿನ ಮೂರು ಸಲ ಹಾಗಿರಲಿಲ್ಲ.

ದೋಣಿಯ ಬದಲು ನಾನು ಬಳಸುವ ಈ ಟ್ಯೂಬಿನ ಕಥೆ ಚಿಕ್ಕದಾಗಿ ಇಷ್ಟು. 10.00-20 ಅಳತೆಯ ಲಾರಿ ಟ್ಯೂಬು, ನಡುವೆ ನವಾರು ಪಟ್ಟಿ ಹೆಣೆದ ಸೀಟು, ಬೆನ್ನಿಗೆ ಥರ್ಮೋಕೋಲ್, ಮೈಮೇಲೆ ಲೈಫ್ ಜಾಕೆಟ್. ಜಾಗ, ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ಸಿಗುವ ಕೆರೆ. ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ತಗೊಂಡಿದ್ದೇನೆ. ಅವರು ಒಪ್ಪಿದ್ದು ನಾನು ಏನೂ ಹಿಡಿಯುವುದಿಲ್ಲ ಅನ್ನೋ ಧೈರ್ಯದ ಮೇಲೆ.

ದಡದಿಂದಲೇ ಗಾಳ ಹಾಕಬಾರದಾ ಅಂತ ಕೇಳುವವರಿಗೆ ಒಂದೇ ಮಾತು. ಮೇ ತಿಂಗಳಲ್ಲಿ ಒಮ್ಮೆ ಬಂದು ನೋಡಿ. ನೀರು ಹಿಂದೆ ಸರಿದು ಸುತ್ತಲೂ ಮೊಣಕಾಲುದ್ದ ಕೆಸರು, ಅದರಾಚೆ ಜೊಂಡು. ನೀರು ಆಳ ಇರುವುದು ಹಳೇ ತೂಬಿನ ಹತ್ತಿರ ಮಾತ್ರ. ಮೀನೆಲ್ಲ ಅಲ್ಲೇ. ಹಾಗಾಗಿ ತೂಬಿನ ಹತ್ತಿರ ಹೋಗಲು ಟ್ಯೂಬೇ ಬೇಕು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೇರೆ ಮೀನು ಒದ್ದಾಡುವಾಗ ಮುರುಗೋಡು ಮಾತ್ರ ಹಾಯಾಗಿರುತ್ತದೆ. ಅದರ ಕಿವಿರಿನ ಗೂಡಿನಲ್ಲಿ ಪುಟ್ಟ ಮರದ ಕೊಂಬೆಯಂಥ ಅಂಗ ಇದೆ. ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡು ಕೆಳಗೆ ಹೋಗುತ್ತದೆ. ಸಂಜೆ ಅಲ್ಲಲ್ಲಿ 'ಗುಳುಕ್' ಅನ್ನುವುದು ಅದೇ. ಎಲ್ಲಿ ಗಾಳ ಬಿಡಬೇಕು ಅಂತ ಮೀನೇ ಹೇಳಿಕೊಡುತ್ತದೆ.

ಗಾಳಕ್ಕೆ ಬೀಳಿಸುವುದು ಕಷ್ಟವೇ ಅಲ್ಲ. ಎರೆಹುಳು ಅಥವಾ ಕೋಳಿ ಕರುಳು, ಜಾರುವ ಸೀಸ, ದಪ್ಪ ತಂಗೂಸಿ (ಗಾಳದ ನೈಲಾನ್ ದಾರ), 6 ಅಡಿ ರಾಡು. ಮೀನು ಎಳೆದರೆ ಟ್ಯೂಬು ಅದರ ಕಡೆಗೇ ತಿರುಗಿಕೊಂಡು ನಿಧಾನಕ್ಕೆ ಹೊರಡುತ್ತದೆ. ರೀಲಿನ ಡ್ರ್ಯಾಗ್, ಅಂದರೆ ದಾರ ಓಡದಂತೆ ತಡೆಯುವ ಬ್ರೇಕ್, ಬಿಗಿ ಮಾಡಿ ಸುಮ್ನೆ ಕೂತರೂ ನಡೆಯುತ್ತದೆ. ಡ್ರ್ಯಾಗ್ ನಾನೇ.

ಕಷ್ಟ ಶುರುವಾಗುವುದು ಮೀನು ಹತ್ತಿರ ಬಂದ ಮೇಲೆ. ದೋಣಿಯಲ್ಲಾದರೆ ಎತ್ತಿ ಒಳಗೆ ಎಸೆಯಬಹುದು. ದಡದಲ್ಲಾದರೆ ಹುಲ್ಲಿನ ಮೇಲೆ ಎಳೆದುಕೊಳ್ಳಬಹುದು. ಟ್ಯೂಬಿನಲ್ಲಿ ನನಗಿರುವ ಜಾಗ ಒಂದೇ, ನನ್ನ ತೊಡೆ. ತೊಡೆಯ ಮೂರು ಕಡೆ ಗಾಳಿ ತುಂಬಿದ ರಬ್ಬರು. ಬರುವ ಅತಿಥಿಯ ಎರಡೂ ಪಕ್ಕದಲ್ಲಿ ಗರಗಸದಂಥ ಮುಳ್ಳು. ಇಂಥದ್ದೇ ಮುಳ್ಳಿನ ಗಿರ್ಲು ಮೀನಾದರೆ ಬೆನ್ನ ಮೇಲೆ ಇನ್ನೊಂದು ಜಾಸ್ತಿ.

ಈ ಮುಳ್ಳನ್ನು ಕೈಯಿಂದ ಒತ್ತಿ ಮಡಚಲು ನೋಡಿದವರಿಗೆ ಗೊತ್ತಿರುತ್ತದೆ, ಆಗುವುದಿಲ್ಲ. ಬುಡದಲ್ಲಿ ಕೀಲು ಇದೆ. ಮೀನು ಹೆದರಿದರೆ ಮುಳ್ಳನ್ನು ಅಗಲಿಸಿ, ಒಂದು ಚೂರು ತಿರುಗಿಸಿ ನಿಲ್ಲಿಸುತ್ತದೆ. ಅಲ್ಲಿಗೆ ಬೀಗ ಬಿತ್ತು. ಸತ್ತ ಗಿರ್ಲಿನ ಮುಳ್ಳೂ ಎಷ್ಟೋ ಸಲ ಹಾಗೇ ನೆಟ್ಟಗೆ ನಿಂತಿರುತ್ತದೆ. ನುಂಗಲು ಬಂದ ಹಕ್ಕಿ, ಹಾವಿನ ಗಂಟಲಿಗೆ ಅಂತ ಮಾಡಿಕೊಂಡ ಏರ್ಪಾಡು. ಲಾರಿ ಟ್ಯೂಬಿಗೂ ಚೆನ್ನಾಗಿ ನಡೆಯುತ್ತದೆ.

ಮೊದಲನೇ ಪಂಕ್ಚರ್ ಮಾಡಿದ್ದು ಅಂಗೈ ಅಗಲದ ಒಂದು ಗಿರ್ಲು. ತೊಡೆ ಮೇಲೆ ಗೋಣಿ ಚೀಲ ಹಾಸಿಕೊಂಡಿದ್ದೆ. ಮುಳ್ಳು ಗೋಣಿಯ ನೂಲಿನ ಸಂದಿಯಲ್ಲಿ ಸರಾಗವಾಗಿ ಇಳಿಯಿತು. ಹೊರಗೆ ತೆಗೆಯಲು ಹೋದರೆ ಗರಗಸ ನೂಲಿಗೆ ಸಿಕ್ಕಿಕೊಂಡಿತು. ನಾನು ಎಳೆದೆ, ಮೀನು ಒದರಿತು, ರಬ್ಬರು ಹರಿಯಿತು. 'ಸ್‍ಸ್‍ಸ್' ಅಂತ ಒಂದು ಸಣ್ಣ ಸದ್ದು. ದಡ ಇನ್ನೂರು ಅಡಿ ದೂರ. ಥರ್ಮೋಕೋಲ್ ಮತ್ತು ಜಾಕೆಟ್ ಇದ್ದದ್ದರಿಂದ ಹೆದರಿಕೆ ಏನಿರಲಿಲ್ಲ ಅಂತ ಬರೆಯಬಹುದು. ಬರೆಯುವುದಿಲ್ಲ. ಹೆದರಿದ್ದೆ.

ಅಷ್ಟರಲ್ಲಿ ಕಾಲಿಗೆ ಹಾಕುವ ಈಜು ರೆಕ್ಕೆಗಳ ಪ್ರತಾಪ. ಆನ್‌ಲೈನಿನಲ್ಲಿ 9ನೇ ನಂಬರ್ ತರಿಸಿದ್ದೆ. ಬಂದದ್ದು ಒಂದು 8, ಒಂದು 10. ಫೋನು ಮಾಡಿದರೆ ಜೋಡಿಯಾಗಿ ವಾಪಸ್ ಕಳಿಸಿ, 15 ದಿನ ಕಾಯಿರಿ ಅಂದರು. ಬೇಸಿಗೆ ಮುಗಿದುಹೋಗುತ್ತದೆ ಅಂತ ಇಟ್ಟುಕೊಂಡೆ. ಸರಾಸರಿ ಒಂಬತ್ತೇ ಅಲ್ವಾ? ಆದರೆ ಒಂದು ಕಾಲು ನೀರನ್ನು ಜಾಸ್ತಿ ತಳ್ಳುತ್ತದೆ. ನೆಟ್ಟಗೆ ದಡಕ್ಕೆ ಹೊರಟವನು ದೊಡ್ಡ ಅರ್ಧಚಂದ್ರ ಬರೆದುಕೊಂಡು ಎಮ್ಮೆ ತೊಳೆಯುವ ಜಾಗಕ್ಕೆ ಹೋಗಿ ಮುಟ್ಟಿದೆ. ಎಮ್ಮೆಗಳು ಎದ್ದು ಹೋದವು.

ಎರಡನೇ ಸಲಕ್ಕೆ ನಮ್ಮ ಕಡೆಯವರಿಗೆ ತೋಚುವುದೇ ತೋಚಿತು, ಅಡಿಕೆ ಹಾಳೆ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ, ಕಾಸು ಖರ್ಚಿಲ್ಲ, ತಲೆಗೆ ಟೋಪಿಯಾಗುವುದು ತೊಡೆಗೆ ಕವಚ ಆಗಲಾರದೇ? ಒಣ ಹಾಳೆಗೆ ಮುಳ್ಳು ಚುಚ್ಚಿ ನೋಡಿದೆ, ಇಳಿಯಲಿಲ್ಲ. ಭಾರೀ ಖುಷಿಯಾಯಿತು. ಕೆರೆಯಲ್ಲಿ ಅರ್ಧ ಗಂಟೆ ನೆನೆದ ಮೇಲೆ ಅದೇ ಹಾಳೆ ಹಳೇ ಚರ್ಮದ ಹಾಗೆ ಮೆತ್ತಗಾಯಿತು. ಮುರುಗೋಡು ಬಾಲ ಬಡಿದ ಹೊಡೆತಕ್ಕೆ ಜಾರಿ ಪಕ್ಕಕ್ಕೆ ಹೋಯಿತು. ಮೀನು ಹಾಳೆಯ ಮೇಲೆ ಕೂತು ತೇಲಿಕೊಂಡು ಹೋದ ಹಾಗೆ ನನಗೆ ಕಂಡಿತು. ಮೀನಿಗೆ ದೋಣಿ, ನನಗೆ ಪಂಕ್ಚರ್.

ಇಲ್ಲಿ ತೇಪೆಯ ಬಗ್ಗೆ ಒಂದು ಮಾತು. ಬ್ಯುಟೈಲ್ ಟ್ಯೂಬು ಗಾಳಿ ಚೆನ್ನಾಗಿ ಹಿಡಿಯುತ್ತದೆ, ತೇಪೆ ಮಾತ್ರ ಸುಲಭಕ್ಕೆ ಹಿಡಿಯುವುದಿಲ್ಲ. ಚೆನ್ನಾಗಿ ಉಜ್ಜಿ ಒರಟು ಮಾಡಿ, ಸೊಲ್ಯೂಷನ್ ಪೂರ್ತಿ ಒಣಗಿ ಅಂಟಂಟಾದ ಮೇಲೇ ಒತ್ತಬೇಕು. ನಾನು ಅವಸರ ಮಾಡಿ ಒದ್ದೆ ಇರುವಾಗಲೇ ಒತ್ತಿದ್ದೆ. ಅದು ಕೆರೆಯ ನಡುವೆ ಮೂಲೆ ಎತ್ತಿತು. ಅದನ್ನು ಪಂಕ್ಚರ್ ಲೆಕ್ಕಕ್ಕೆ ಸೇರಿಸಿಲ್ಲ, ಮರ್ಯಾದೆ ಪ್ರಶ್ನೆ. ಇನ್ನೊಂದು, ಬಿಸಿಲಲ್ಲಿ ನಿಲ್ಲಿಸಿದ ಜೀಪಿನ ಪಕ್ಕ ಟ್ಯೂಬಿಗೆ ಗಾಳಿ ಹೊಡೆದು ನೀರಿಗೆ ಇಳಿಸಿದರೆ ಹತ್ತು ನಿಮಿಷಕ್ಕೆ ಸಡಿಲ ಆಗುತ್ತದೆ. ಸೋರಿಕೆ ಅಂತ ಗಾಬರಿ ಬೀಳಬೇಡಿ. ಒಳಗಿನ ಗಾಳಿ ತಣಿಯಿತು, ಅಷ್ಟೇ. ನೀರಿಗೆ ಇಳಿಸಿದ ಮೇಲೆ ಕಾಲು ಪಂಪಿನಲ್ಲಿ ಇನ್ನೊಂದಿಷ್ಟು ತುಂಬಿ.

ಹೊಸ ಟ್ಯೂಬು ತಗೋಬಾರದಾ ಅಂತ ಹೆಂಡತಿ ಕೇಳಿದಳು. ಎಲ್ಲಿ ಸಿಗುತ್ತದೆ? ಕೇಳಿದ ಅಂಗಡಿಗಳಲ್ಲೆಲ್ಲ 'ಈಗ ಟ್ಯೂಬ್‌ಲೆಸ್ ಕಾಲ ಅಲ್ರೀ' ಅನ್ನುತ್ತಾರೆ. ಒಬ್ಬರು ಒಳಗಿಂದ ಒಂದು ತಂದು ಕೊಟ್ಟರು. ಹೊಸದು ಅಂತ ಹೊಸದರ ರೇಟೇ ತಗೊಂಡರು. ಮನೆಗೆ ಬಂದು ಗಾಳಿ ತುಂಬಿದರೆ ಆಗಲೇ ಎರಡು ತೇಪೆ ಹಾಕಿ ಮೇಲೆ ಪೌಡರ್ ಬಳಿದಿದ್ದು. ತಿರುಗಿ ಹೋದೆ. 'ತೇಪೆ ಹಾಕಿದ ಜಾಗ ಇನ್ನೂ ಗಟ್ಟಿ ಅಲ್ವಾ ಸಾರ್' ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮೂರನೇ ಸಲ ಕೈಬಲೆ. ಉದ್ದ ಹಿಡಿಕೆಯ ನೈಲಾನ್ ಬಲೆ, ಮೀನನ್ನು ದೂರದಲ್ಲೇ ಹಿಡಿದರೆ ತೊಡೆಯ ಪ್ರಶ್ನೆಯೇ ಇಲ್ಲ. ಬಲೆಗೆ ಬಿತ್ತು ನಿಜ. ಬಿಡಿಸಿಕೊಳ್ಳಬೇಕಲ್ಲ? ಎರಡು ಮುಳ್ಳೂ ಹತ್ತು ಕಣ್ಣಿಗೆ ಸುತ್ತಿಕೊಂಡಿದ್ದವು. ಕತ್ತಲಾಗುತ್ತಿತ್ತು. ಬಲೆಯನ್ನು ತೊಡೆಗೇ ಎಳೆದುಕೊಂಡು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಇಪ್ಪತ್ತು ನಿಮಿಷ ಬಿಡಿಸಿದೆ. ಹತ್ತೊಂಬತ್ತನೇ ನಿಮಿಷದಲ್ಲಿ 'ಸ್‍ಸ್‍ಸ್'.

ಬಿಡಿಸುವಾಗ ಕೈಗೆ ಚುಚ್ಚಿದ್ದು ಬೇರೆ. ಮುರುಗೋಡಾದ್ದರಿಂದ ಬಚಾವು, ಉರಿ ರಾತ್ರಿಗೆ ಹೋಯಿತು. ಹೋದ ವರ್ಷ ಭಾವನಿಗೆ ಚೇಳು ಮೀನು ಚುಚ್ಚಿತ್ತು. ಅದರ ಮುಳ್ಳಿನಲ್ಲಿ ವಿಷ ಇದೆ, ಹೆಸರೇ ಹೇಳುತ್ತದೆ. ಗಟ್ಟಿ ಆಳು, ಕೂತಲ್ಲೇ ಅತ್ತುಬಿಟ್ಟಿದ್ದ. ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿ ಕೂತ ಮೇಲೆ ನೋವು ಇಳಿಯಿತು. ಆ ವಿಷ ಶಾಖ ತಡೆಯುವುದಿಲ್ಲ. ಬಾವು ಜಾಸ್ತಿಯಾದರೆ ಆಸ್ಪತ್ರೆಗೆ ಹೋಗಿ. ಥರ್ಮಾಸಿನಲ್ಲಿ ಬಿಸಿ ನೀರು ಒಯ್ಯುವುದು ಅಂದಿನಿಂದ ನಮ್ಮ ಪದ್ಧತಿ. ಮೀನು ಚುಚ್ಚದ ದಿನ ಅದರಲ್ಲೇ ಚಹಾ.

ಮೂರನೇ ಪಂಕ್ಚರಿನ ಮಾರನೇ ದಿನ ಬಲೆಯನ್ನು ಅಂಗಳದಲ್ಲಿ ಹರಡಿಕೊಂಡು ಕೂತಿದ್ದೆ. ಪಕ್ಕದ ಮನೆ ಅಜ್ಜ ಬೇಲಿಯಾಚೆಯಿಂದ ನೋಡಿ, 'ಎಂಥ ಮಾರಾಯ, ಮುಳ್ಳಿನ ಮೀನಿಗೆ ನೂಲು ಒಡ್ತ್ಯನಾ?' ಅಂದರು. ಅಷ್ಟೇ ಹೇಳಿ ಒಳಗೆ ಹೋದರು. ಅವರು ಹರೆಯದಲ್ಲಿ ಕೆರೆಬೇಟೆಯಲ್ಲಿ, ಅಂದರೆ ಊರವರೆಲ್ಲ ಸೇರಿ ಕೆರೆಗೆ ಇಳಿದು ಮೀನು ಹಿಡಿಯುವುದರಲ್ಲಿ, ಹೆಸರು ಮಾಡಿದವರು. ಕೆರೆಬೇಟೆಯಲ್ಲಿ ಏನಿರುತ್ತದೆ? ಕೂಣಿ. ತಳವಿಲ್ಲದ ಬುಟ್ಟಿಯಂಥ ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ಗಟ್ಟಿ ಬಿದಿರಿಗೆ ಮುಳ್ಳು ಇಳಿಯುವುದೂ ಇಲ್ಲ, ಸುತ್ತಿಕೊಳ್ಳುವುದೂ ಇಲ್ಲ. ನಾನು ಇಷ್ಟು ದಿನ ಬಟ್ಟೆ, ಹಾಳೆ, ನೂಲು ಅಂತ ಮೆತ್ತಗಿನದ್ದನ್ನೇ ಹುಡುಕುತ್ತಿದ್ದೆ. ಅಟ್ಟದ ಮೇಲೆ ಗೊಬ್ಬರ ಹೊರುವ ಬಿದಿರಿನ ಬುಟ್ಟಿ, ನಮ್ಮ ಮಾತಿನಲ್ಲಿ ಹೆಡಿಗೆ, ಮೂರಿತ್ತು.

ಆಳದ ನೀರಿನಲ್ಲಿ ಕೂಣಿ ಒತ್ತಲು ನೆಲ ಸಿಗುವುದಿಲ್ಲ. ಆದ್ದರಿಂದ ಸಣ್ಣ ಹೆಡಿಗೆಯೊಂದನ್ನು ಸ್ಕೂಟರ್ ಟ್ಯೂಬಿನ ನಡುವೆ ಕೂರಿಸಿದೆ. ಕಂಠ ಟ್ಯೂಬಿನ ಮೇಲೆ ನಿಂತಿತು, ತಳ ನೀರಿನಲ್ಲಿ. ಒಂದು ಮೊಳ ಹಗ್ಗದಲ್ಲಿ ನನ್ನ ಟ್ಯೂಬಿಗೆ ಕಟ್ಟಿದೆ, ಬಾತುಕೋಳಿಯ ಮರಿಯ ಹಾಗೆ ಹಿಂದೆ ಬರುತ್ತದೆ. ಮೊದಲು ಒಂದು ಕಡೆ ಕಲ್ಲು ಕಟ್ಟಿ ಕಂಠವನ್ನು ನೀರೊಳಗೆ ಬಾಗಿಸಿ ಇಟ್ಟೆ. ಒಳಗೆ ಹೋದ ಮೀನು ಅದೇ ದಾರಿಯಲ್ಲಿ ಹೊರಗೆ ಬಂತು. ಅದಕ್ಕೂ ಬುದ್ಧಿ ಇರುತ್ತದಲ್ಲ. ಕಲ್ಲು ಬಿಚ್ಚಿ ಎಸೆದ ಮೇಲೆ ಗೊತ್ತಾಯಿತು, ಬಾಗಿಲು ಅಲ್ಲೇ ಇತ್ತು. ಎಡಗೈಯಿಂದ ಕಂಠ ಒತ್ತಿದರೆ ಅದು ನೀರೊಳಗೆ ಇಳಿಯುತ್ತದೆ. ತಂಗೂಸಿ ಎಳೆದು ಮೀನನ್ನು ಒಳಗೆ ಜಾರಿಸಬೇಕು. ಕೈ ಬಿಟ್ಟರೆ ಟ್ಯೂಬಿನ ಗಾಳಿಯೇ ಕಂಠವನ್ನು ಮೇಲಕ್ಕೆ ಎತ್ತುತ್ತದೆ. ಆಮೇಲೆ ಇಕ್ಕಳದಲ್ಲಿ ಗಾಳ ಬಿಡಿಸಿಕೊಂಡರಾಯಿತು. ಮೀನು ನನ್ನ ತೊಡೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಸ್ಕೂಟರ್ ಟ್ಯೂಬಿಗೆ ಚುಚ್ಚಿದರೆ? ಅದಕ್ಕೆ ಉತ್ತರ ಪಂಕ್ಚರ್ ಅಂಗಡಿಯ ಹಿಂದೆ ಬಿದ್ದಿತ್ತು. ಲಾರಿ ಚಕ್ರದಲ್ಲಿ ಟ್ಯೂಬಿಗೂ ರಿಮ್ಮಿಗೂ ನಡುವೆ ಹಾಕುವ ದಪ್ಪ ರಬ್ಬರ್ ಪಟ್ಟಿ, ಫ್ಲ್ಯಾಪ್. ಅದರ ಕೆಲಸವೇ ಟ್ಯೂಬು ಕಾಯುವುದು, ನನಗೆ ಇಷ್ಟು ದಿನ ಹೊಳೆಯಲಿಲ್ಲ. ಹಳೆಯದೊಂದನ್ನು ಅಂಗಡಿಯವರು ಸುಮ್ನೆ ಕೊಟ್ಟರು. 'ಮೂರು ಸಲ ತೇಪೆಗೆ ಬಂದಾಗಲೂ ಇದರ ಮೇಲೆಯೇ ಕೂತಿದ್ರಲ್ರೀ' ಅಂದರು. ಅರ್ಧ ಕತ್ತರಿಸಿ ಸ್ಕೂಟರ್ ಟ್ಯೂಬಿಗೆ ಸುತ್ತಿದೆ, ಉಳಿದರ್ಧ ನನ್ನ ತೊಡೆಯ ಮುಂದೆ. ಬಿಸಿಲಿಗೆ ಅದರ ವಾಸನೆ ಅಂದರೆ, ಘಾಟಿಯಲ್ಲಿ ಬ್ರೇಕ್ ಹಿಡಿದ ಲಾರಿಯ ಹಿಂದೆ ಹೋದ ಹಾಗೆ. ತೂಕವೂ ಇದೆ. ಆದರೆ ಮುಳ್ಳು ಇಳಿಯುವುದಿಲ್ಲ.

ಭಾನುವಾರ ಹೀಗೇ ಆಯಿತು. ಎಳೆದೆ, ಒತ್ತಿದೆ, ಬಿಟ್ಟೆ. ಮುರುಗೋಡು ಒಳಗೆ. ಕೂಗಿದ್ದು ಆಚೆ ದಡದಲ್ಲಿದ್ದ ಭಾವನಿಗೆ ಕೇಳಿತಂತೆ, ಮುಳುಗಿದೆ ಅಂತ ತಿಳಿದು ಓಡಿ ಬಂದ. ಎರಡನೇ ಮೀನಿಗೆ ಹುಳ ಚುಚ್ಚುತ್ತಿದ್ದಾಗ ಹಿಂದೆ ಏನೋ ಸದ್ದು. ಮುರುಗೋಡು ಹೆಡಿಗೆಯ ಗೋಡೆಗೆ ಆನಿಸಿಕೊಂಡು ಅರ್ಧ ಮೈ ಹೊರಗೆ ಹಾಕಿತ್ತು. ಒದ್ದೆ ನೆಲದ ಮೇಲೆ ತೆವಳಿ ಹೋಗುವ ಮೀನು ಇದು, ಹೆಡಿಗೆ ಯಾವ ಲೆಕ್ಕ? ಮುಚ್ಚಳ ಬೇಕಿತ್ತು. ತಲೆಯ ಮೇಲಿದ್ದ ಹಾಳೆ ಟೋಪಿ ತೆಗೆದು ಕವುಚಿ ಹಾಕಿ ಹಗ್ಗ ಬಿಗಿದೆ. ಸರಿಯಾಗಿ ಕೂತಿತು.

ಅಷ್ಟರಲ್ಲಿ ಪಡುವಣದಲ್ಲಿ ಗುಡುಗು. ಗುಡುಗು ಕೇಳಿದರೆ ಎದ್ದು ಬರಬೇಕು, ಇದರಲ್ಲಿ ಚರ್ಚೆ ಇಲ್ಲ. ಬಯಲು ನೀರಿನ ನಡುವೆ ಗ್ರಾಫೈಟ್ ರಾಡು ಎತ್ತಿ ಹಿಡಿದು ಕೂತವನಿಗಿಂತ ಒಳ್ಳೇ ಗುರಿ ಸಿಡಿಲಿಗೆ ಬೇಕಾ? ಎರಡನೇ ಮೀನಿನ ಆಸೆ ಬಿಟ್ಟು ಹೊರಟೆ, ಮಾಮೂಲಿ ಅರ್ಧಚಂದ್ರದಲ್ಲಿ.

ಭಾವನಿಗೆ ಈಗ ಹುಚ್ಚು ಹತ್ತಿದೆ. ಟ್ಯೂಬನ್ನು ದಾಂಡೇಲಿಗೆ ಒಯ್ಯೋಣ ಅಂದ. ಕಾಳಿ ನದಿಯ ಮೊಸಳೆಗಳ ಮುಂದೆ ಎರಡು ಕಾಲು ಇಳಿಬಿಟ್ಟು, ಅದೂ 8 ಮತ್ತು 10ನೇ ನಂಬರಿನ ರೆಕ್ಕೆ ಹಾಕಿಕೊಂಡು ಕೂರಲು ನಾನು ತಯಾರಿಲ್ಲ. ಹಾಗಾದರೆ ಕುಮಟಾ ಕಡೆ ಅಘನಾಶಿನಿ ಹಿನ್ನೀರಿನಲ್ಲಿ ಕೆಂಬೇರಿ ಹಿಡಿಯೋಣ ಅಂದ. ಇಳಿತ ಶುರುವಾದರೆ ಟ್ಯೂಬು ತದಡಿ ಅಳಿವೆ ದಾಟಿ ನೆಟ್ಟಗೆ ಅರಬ್ಬೀ ಸಮುದ್ರಕ್ಕೆ. ಅಲ್ಲಿಗೆ ಹುಟ್ಟು ಹಾಕಿ ನಡೆಸುವ ದೋಣಿಯೇ ಬೇಕು. ನಾಲ್ಕು ಇಂಚಿನ ಪಿವಿಸಿ ಪೈಪು ಎರಡು, ಎರಡೂ ತುದಿಗೆ ಮುಚ್ಚಳ, ಮೇಲೆ ಅಡಿಕೆ ದಬ್ಬೆಯ ಹಲಗೆ ಅಂತ ಚೀಟಿಯಲ್ಲಿ ಗೀಚಿ ನೋಡಿದೆ. ಆ ಎರಡು ಪೈಪಿನ ತೇಲುವ ಶಕ್ತಿ ಲೆಕ್ಕ ಹಾಕಿದರೆ ನನ್ನ ತೂಕಕ್ಕೆ ಸಾಲುವುದಿಲ್ಲ. ಆರು ಇಂಚಿನದು ಬೇಕು. ಅದರ ರೇಟು ಕೇಳಿ ಚೀಟಿ ಮಡಚಿ ಇಟ್ಟಿದ್ದೇನೆ.

ಅದು ಮಳೆಗಾಲ ಕಳೆದ ಮೇಲಿನ ಮಾತು. ಸದ್ಯಕ್ಕೆ ಮಳೆ ಹಿಡಿಯುವ ಮೊದಲು ಎರಡೋ ಮೂರೋ ಭಾನುವಾರ ಉಳಿದಿದೆ. ಹೆಡಿಗೆಗೆ ಹಾಳೆಯದ್ದೇ ಮುಚ್ಚಳ, ಒಂದು ಕಡೆ ತಂತಿಯ ಕೀಲು, ಇನ್ನೊಂದು ಕಡೆ ಕೊಕ್ಕೆ, ಇವತ್ತು ರಾತ್ರಿ ಕೂತು ಮಾಡಬೇಕು. ಬಿಸಿಲಿಗೆ ಇನ್ನೊಂದು ಟೋಪಿಯೂ ಬೇಕು. ಮೊದಲಿನದರ ತುಂಬ ಮೀನಿನ ಲೋಳೆ.