ಟ್ಯೂಬಿನೊಳಗಿನ ರಿಡಕ್ಟೇಸ್, ಲಿವರ್‌ನೊಳಗಿನ ರಿಡಕ್ಟೇಸ್

ಗಿಡದ ಸಾರವೊಂದು ಲ್ಯಾಬಿನ ಟ್ಯೂಬಿನಲ್ಲಿ, ದೇಹ ಕೊಲೆಸ್ಟರಾಲ್ ತಯಾರಿಸಲು ಬಳಸುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಕಿಣ್ವವನ್ನು ತಡೆಯಿತು ಅಂದ ಕೂಡಲೇ, ಅದು ಕೊಲೆಸ್ಟರಾಲ್ ಇಳಿಸುತ್ತದೆ ಎಂದು ಬರೆದುಬಿಡುವವರಿದ್ದಾರೆ. ಈ ಕಿಣ್ವದ ಜೊತೆಗೇ ಕೆಲಸ ಮಾಡುವ ನನಗೆ ಅದನ್ನು ಓದಿದಾಗಲೆಲ್ಲ ಬೇಸರವಾಗುತ್ತದೆ. ನಮ್ಮ ಟ್ಯೂಬಿನಲ್ಲಿ ಇರುವುದಾದರೂ ಏನು?

ಲೇಬಲ್ ಮೇಲೆ 'ಮಾನವ' ಅಂತಿರುತ್ತದೆ. ವಂಶವಾಹಿ ಮನುಷ್ಯನದೇ, ಆದರೆ ಕಿಣ್ವ ತಯಾರಾಗುವುದು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ. ಅದೂ ಪೂರ್ತಿ ಕಿಣ್ವವಲ್ಲ. ನಮ್ಮ ಜೀವಕೋಶದಲ್ಲಿ ಇದು 888 ಅಮೈನೊ ಆಮ್ಲಗಳ ಸರಪಳಿ. ಮುಂದಿನ ಭಾಗ ಪೊರೆಯೊಳಗೆ ಹೂತುಕೊಂಡಿರುತ್ತದೆ. ಹಿಂದಿನ ಭಾಗ ಹೊರಗಿದ್ದು ಕೆಲಸ ಮಾಡುತ್ತದೆ. ಪೊರೆಯ ಪ್ರೋಟೀನನ್ನು ಕೆಡಿಸದೆ ಹೊರತೆಗೆಯುವುದು ಕಷ್ಟ, ಅದಕ್ಕೇ ಕೆಲಸ ಮಾಡುವ ತುಂಡನ್ನು ಮಾತ್ರ ಬೆಳೆಸುತ್ತಾರೆ. ಈ ಕಿಣ್ವವನ್ನು ತಡೆದು ಕೊಲೆಸ್ಟರಾಲ್ ಇಳಿಸುವ ಔಷಧಿ ಸ್ಟ್ಯಾಟಿನ್ ಎಲ್ಲಿ ಕೂರುತ್ತದೆ ಎಂದು 2001ರಲ್ಲಿ ಹರಳಿನ ರಚನೆಯಿಂದ ತಿಳಿದದ್ದೂ ಇಂಥ ತುಂಡಿನಿಂದಲೇ.

ಪರೀಕ್ಷೆ ಸರಳ. ಒಂದು ಎಚ್‌ಎಂಜಿ-ಕೋಎ ಈ ಕಿಣ್ವದಿಂದ ಮೆವಲೋನೇಟ್ (ಕೊಲೆಸ್ಟರಾಲ್ ದಾರಿಯ ಮುಂದಿನ ಪದಾರ್ಥ) ಆಗುವಾಗ ಎರಡು ಸಹಾಯಕ ಅಣು ಎನ್‌ಎಡಿಪಿಎಚ್ ಖರ್ಚಾಗುತ್ತವೆ. ಎನ್‌ಎಡಿಪಿಎಚ್ 340 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಹಾಗಾಗಿ ಆ ರೀಡಿಂಗ್ ಇಳಿಯುವ ವೇಗವೇ ಕಿಣ್ವದ ವೇಗ.

ತೊಂದರೆ ಶುರುವಾಗುವುದೂ ಇಲ್ಲೇ. ಬಣ್ಣದ ಸಾರಗಳು ಅದೇ 340ರಲ್ಲಿ ತಾವೂ ಬೆಳಕು ಹೀರುತ್ತವೆ. ಕೆಲವು ಪದಾರ್ಥಗಳು ಗುಂಪುಗಟ್ಟಿ ಯಾವ ಕಿಣ್ವ ಸಿಕ್ಕರೂ ಅಂಟಿಕೊಂಡು ನಿಲ್ಲಿಸುತ್ತವೆ. ಒಂಚೂರು ಟ್ರೈಟಾನ್ (ಆ ಗುಂಪನ್ನು ಬಿಡಿಸುವ ಸೋಪಿನಂಥ ಪದಾರ್ಥ) ಹಾಕಿದಾಗ 'ತಡೆ' ಮಾಯವಾದರೆ ಅನುಮಾನ ಪಡಲೇಬೇಕು. ಎಚ್‌ಎಂಜಿ-ಕೋಎ ಹಾಕದ ಬ್ಲಾಂಕ್ (ಹೋಲಿಕೆಯ ಟ್ಯೂಬ್), ಕಿಣ್ವ ಹಾಕದ ಬ್ಲಾಂಕ್, ಸಾರ ಮಾತ್ರ ಇರುವ ಬ್ಲಾಂಕ್, ಮೂರೂ ಇಲ್ಲದ ಗ್ರಾಫನ್ನು ನಾನು ಒಪ್ಪುವುದಿಲ್ಲ. ಹೋಲಿಕೆಗೆ ಪ್ರವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಒಳ್ಳೆಯದು, ಅದು ಆಮ್ಲ ರೂಪದಲ್ಲೇ ಇರುತ್ತದೆ. ಸಿಮ್ವಾಸ್ಟಾಟಿನ್ ಮಾತ್ರೆಯಲ್ಲಿರುವುದು ಲ್ಯಾಕ್ಟೋನ್, ಅಂದರೆ ಉಂಗುರದಂತೆ ಮುಚ್ಚಿಕೊಂಡ ರೂಪ. ಅದರ ಉಂಗುರವನ್ನು ಕ್ಷಾರದಿಂದ ಬಿಡಿಸದೆ ಸುಮ್ನೆ ಟ್ಯೂಬಿಗೆ ಹಾಕಿದರೆ ತಡೆಯುವುದಿಲ್ಲ. ದೇಹದಲ್ಲಿ ಆ ಕೆಲಸ ತಾನಾಗಿ ಆಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ಕತ್ತರಿಸಿಬಿಟ್ಟ ಆ ಮುಂದಿನ ಭಾಗವನ್ನು ಮರೆಯುವ ಹಾಗಿಲ್ಲ. ಜೀವಕೋಶದಲ್ಲಿ ಸ್ಟೆರಾಲ್ (ಕೊಲೆಸ್ಟರಾಲ್ ಮತ್ತು ಅದರ ಜಾತಿಯವು) ಜಾಸ್ತಿಯಾದಾಗ ಇನ್ಸಿಗ್ ಎಂಬ ಪ್ರೋಟೀನ್ ಬಂದು ಹಿಡಿಯುವುದು ಅದನ್ನೇ. ಆಮೇಲೆ ಇಡೀ ಕಿಣ್ವವನ್ನೇ ಕೋಶ ಒಡೆದುಹಾಕುತ್ತದೆ. ಸ್ಟೆರಾಲ್ ಕಡಿಮೆಯಾದರೆ ಉಲ್ಟಾ: ಕಿಣ್ವ ಉಳಿಯುತ್ತದೆ, ಹೊಸದೂ ತಯಾರಾಗುತ್ತದೆ. ನಮ್ಮ ಟ್ಯೂಬಿಗೆ ಈ ಯಾವುದೂ ಗೊತ್ತಿಲ್ಲ.

ಇದರ ಬಿಸಿ ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರಿಗೇ ತಟ್ಟಿತ್ತು. 1970ರ ದಶಕದಲ್ಲಿ ಅವರು ಪೆನಿಸಿಲಿಯಂ ಸಿಟ್ರಿನಂ ಶಿಲೀಂಧ್ರದಿಂದ ಕಾಂಪ್ಯಾಕ್ಟಿನ್ ಕಂಡುಹಿಡಿದರು, ಅದೇ ಮೊದಲ ಸ್ಟ್ಯಾಟಿನ್. ಟ್ಯೂಬಿನಲ್ಲಿ ಅದ್ಭುತವಾಗಿ ಕೆಲಸ ಮಾಡಿದ್ದು, ಇಲಿಗೆ ಕೊಟ್ಟಾಗ ರಕ್ತದ ಕೊಲೆಸ್ಟರಾಲನ್ನು ಇಳಿಸಲೇ ಇಲ್ಲ. ತಡೆಗೆ ಉತ್ತರವಾಗಿ ಇಲಿಯ ಲಿವರ್ ರಿಡಕ್ಟೇಸನ್ನು ಹಲವು ಪಟ್ಟು ಹೆಚ್ಚಿಸಿಕೊಂಡಿತ್ತು. ಅವರು ಬಿಡದೆ ಕೋಳಿ, ನಾಯಿಗಳಲ್ಲಿ ನೋಡಿದರು. ಅಲ್ಲಿ ಇಳಿಯಿತು. ಅವರು ಇಲಿಯ ಫಲಿತಾಂಶಕ್ಕೇ ಕೈಬಿಟ್ಟಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಹಾಗಾಗಿ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳುವುದು ಇಷ್ಟೇ. ಟ್ಯೂಬಿನಲ್ಲಿ ತಡೆ ಕಂಡರೆ 'ಕಿಣ್ವದ ಈ ತುಂಡನ್ನು ತಡೆಯಿತು' ಎಂದು ಬರೆಯಿರಿ. ಮುಂದೆ ಲಿವರ್ ಕೋಶಗಳಿಗೆ ಹೋಗಿ, ಲಿಪೋಪ್ರೋಟೀನ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣ) ತೆಗೆದ ಸೀರಂನಲ್ಲಿ ಬೆಳೆಸಿ. ಅಲ್ಲಿ ಕೊಲೆಸ್ಟರಾಲ್ ಎಷ್ಟು ತಯಾರಾಯಿತು ಅನ್ನುವುದರ ಜೊತೆಗೆ, ರಿಡಕ್ಟೇಸ್ ಎಷ್ಟು ಹೆಚ್ಚಾಯಿತು ಎಂದೂ ಅಳೆಯಿರಿ.