ರಿನ್ ಹಣ್ಣಿಗೆ ಎಥ್ರೆಲ್

ಹೊಸೂರು ಸೀಮೆಯಲ್ಲಿ ಟೊಮೇಟೊ ಅಂದರೆ ರಾಯಕೋಟೆ ಮಂಡಿಯ ಲೆಕ್ಕ: ಕೆಂಪಾಗದಿದ್ದರೆ ಹಣ್ಣು ಮಾಗಿಸುವ ರಾಸಾಯನಿಕ ಎಥ್ರೆಲ್. ನಮ್ಮ ಮೇಲಿನವರು ಅದೇ ಲೆಕ್ಕವನ್ನು ರಿನ್ ಸಾಲಿಗೂ (ಜೀನ್ ಕೆಟ್ಟು ಮಾಗದೆ ಉಳಿಯುವ, ಪ್ರಯೋಗದ ಟೊಮೇಟೊ ತಳಿ) ಹಾಕಿದರು. ಶನಿವಾರ ಗ್ಯಾಸ್ ಕೊಡಿಸಿ ಹೋದರು. ಸೋಮವಾರ ಸ್ಟೋರ್ ರೂಮಿನ ಬಾಗಿಲು ತೆಗೆದರೆ ರಿನ್ ಮತ್ತು ಅಂಥದ್ದೇ ಇನ್ನೊಂದು ತಳಿಯಾದ ನಾರ್ ಕ್ರೇಟುಗಳು ಹಾಗೇ ಹಸಿರು. ಪಕ್ಕದ ರ‍್ಯಾಕಿನ ಏಲ್ಸಾ ಕ್ರೇಗ್ ಎಂಬ ಮಾಮೂಲಿ ತಳಿಯ ಎಂಜಿ (ಮೆಚೂರ್ ಗ್ರೀನ್: ಬಲಿತರೂ ಹಸಿರಾಗಿರುವ ಹಂತ) ಸ್ಯಾಂಪಲ್ಲುಗಳ ತುದಿ ಮಾತ್ರ ಗುಲಾಬಿ!

ಎಥ್ರೆಲ್‌ಗೆ ಕ್ಷಾರ ಸೇರಿದರೆ ಎಥಿಲೀನ್ ಎಂಬ ಮಾಗಿಸುವ ಗ್ಯಾಸ್ ಹೊರಡುತ್ತದೆ, ಅದಕ್ಕೆ ರ‍್ಯಾಕಿನ ಗಡಿ ಗೊತ್ತಿಲ್ಲ. ಎಂಜಿ ಹಂತದ ಹಣ್ಣಿಗೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಸಾಕು. ಆಮೇಲೆ ಹಣ್ಣು ತನ್ನ ಎಥಿಲೀನ್ ತಾನೇ ತಯಾರಿಸಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸುವಂತಿಲ್ಲ. ರಿನ್‌ನಲ್ಲಿ ಕೆಟ್ಟಿರುವುದು 5ನೇ ಕ್ರೋಮೋಸೋಮಿನಲ್ಲಿ ಮಾಗುವಿಕೆಯನ್ನು ನಿಯಂತ್ರಿಸುವ ಮ್ಯಾಡ್ಸ್-ಬಾಕ್ಸ್ ಜೀನ್ ಎಂದು 2002ರಲ್ಲೇ ಗೊತ್ತಾಗಿದೆ. ಅದಕ್ಕೆ ಗ್ಯಾಸ್ ಕೊಟ್ಟು ಪ್ರಯೋಜನವಿಲ್ಲ. 2017ರಲ್ಲಿ ಜೀನ್ ಕತ್ತರಿಸುವ ತಂತ್ರವಾದ ಕ್ರಿಸ್ಪರ್‌ನಿಂದ ಮಾಮೂಲಿ ಗಿಡದ ಆ ಜೀನನ್ನೇ ಕೆಡಿಸಿದಾಗ ಹಣ್ಣು ಅರ್ಧಂಬರ್ಧ ಬಣ್ಣ ತಿರುಗಿತು. ಅಂದರೆ ಹಳೆಯ ರಿನ್‌ನಲ್ಲಿ ಪಕ್ಕದ ಜೀನಿನೊಂದಿಗೆ ಬೆಸೆದುಕೊಂಡು ಹುಟ್ಟುವ ಪ್ರೋಟೀನೇ ಅಡ್ಡಗಾಲು. 'ಜೀನ್ ಇಲ್ಲದ ಕಂಟ್ರೋಲ್' (ಹೋಲಿಕೆಯ ಮಾದರಿ) ಎಂದು ರಿನ್ ಒಂದನ್ನೇ ಇಟ್ಟುಕೊಂಡು ಕೂರುವವರು ಇದನ್ನು ಗಮನಿಸಲಿ.

ಅಸಲಿ ಬಿಸಿ ಹತ್ತಿದ್ದು ಆಮೇಲೆ. ಕಾಗದದ ಟ್ಯಾಗುಗಳು ತೇವಕ್ಕೆ ನೆನೆದು ಶಾಯಿ ಹರಿದಿತ್ತು, ಲೋಡಿಂಗಿನವರು ರಿನ್, ನಾರ್ ಕ್ರೇಟುಗಳನ್ನು ಬೆರೆಸಿಟ್ಟಿದ್ದರು. ಎಲ್ಲ ಸುರಿದುಬಿಡಿ ಎಂಬ ಕೂಗು. ಕೈಹಿಡಿದದ್ದು ತೊಟ್ಟಿನ ಸೆಪಲ್, ಅಂದರೆ ಹಣ್ಣಿನ ತಲೆಯ ಹಸಿರು ಎಸಳು. ರಿನ್‌ನಲ್ಲಿ ಪಕ್ಕದ ಮ್ಯಾಕ್ರೊಕ್ಯಾಲಿಕ್ಸ್ ಜೀನೂ ಕೆಟ್ಟಿರುವುದರಿಂದ ಸೆಪಲ್ ಉದ್ದ, ನಾರ್‌ನಲ್ಲಿ ಮಾಮೂಲಿ. ಬೇರ್ಪಡಿಸಿ, ಗಿಡಗಳ ಎಲೆಯಿಂದ ಪಿಸಿಆರ್ (ಡಿಎನ್ಎ ಪರೀಕ್ಷೆ) ಮಾಡಿ ಖಾತ್ರಿಪಡಿಸಿದ್ದಾಯಿತು. ಹೆಟೆರೊಜೈಗಸ್ (ಕೆಟ್ಟ ಜೀನಿನ ಒಂದೇ ಪ್ರತಿ ಇರುವ) ರಿನ್ ಗಿಡವಾದರೆ ಸೆಪಲ್ ನಂಬಬೇಡಿ. ಹಣ್ಣೂ ನಿಧಾನಕ್ಕೆ ಕೆಂಪಾಗುತ್ತದೆ, ಅಲ್ಲಿ ಪಿಸಿಆರೇ ಗತಿ.

ಟ್ಯಾಗ್ ಪ್ಲಾಸ್ಟಿಕ್ಕಿನದಿರಲಿ, ಹೂವರಳಿದ ದಿನವೇ ಕಟ್ಟಿ. ಏಲ್ಸಾ ಕ್ರೇಗ್ ಸುಮಾರು 39 ಡಿಪಿಎಗೆ (ಹೂವರಳಿದ ಮೇಲಿನ ದಿನಗಳು) ಎಂಜಿ ಮುಟ್ಟುತ್ತದೆ, ಆದರೆ ನಮ್ಮ ಬಿಸಿಲಿಗೆ ದಿನಗಳ ಲೆಕ್ಕ ಒಂದನ್ನೇ ನಂಬಬಾರದು. ಅದೇ ದಿನದ ಇನ್ನೊಂದು ಹಣ್ಣನ್ನು ಕೊಯ್ದು ನೋಡಿ: ಒಳಗೆ ಲೋಳೆ ಕಟ್ಟಿ, ಬೀಜ ಚಾಕುವಿಗೆ ಸಿಗದೆ ಜಾರಬೇಕು. ಬೀಜ ತುಂಡಾದರೆ ಇನ್ನೂ ಎಳಸು. ಲೋಳೆ, ಬೀಜ ತೆಗೆದು ಪೆರಿಕಾರ್ಪ್ (ಹಣ್ಣಿನ ಗೋಡೆ) ಮಾತ್ರ ದ್ರವ ಸಾರಜನಕಕ್ಕೆ, ಅಲ್ಲಿಂದ -80 ಡಿಗ್ರಿ ಫ್ರೀಜರಿಗೆ. ಇದೆಲ್ಲ ಹೊಲದಲ್ಲೇ ಮುಗಿದರೆ ಸ್ಟೋರ್ ರೂಮಿನ ಹಂಗೇ ಇಲ್ಲ. ಎಕ್ಸಾಸ್ಟ್ ಫ್ಯಾನಿನ ಇಂಡೆಂಟ್ ಲೆಕ್ಕಪತ್ರದವರ ಮೇಜಿನಲ್ಲಿ ಮಲಗಿದೆ. ಬದಲಿಗೆ ಲ್ಯಾಮಿನೇಟ್ ಮಾಡಿದ ಬಣ್ಣದ ಚಾರ್ಟ್ ಬಂದಿದೆ.

ಕೆಟ್ಟ ಎಂಜಿಗಳನ್ನು 'ಬ್ರೇಕರ್' (ಬಣ್ಣ ತಿರುಗಲು ಶುರುವಾದ ಹಂತ) ಎಂದು ತಿದ್ದಿ ಸೀಕ್ವೆನ್ಸಿಂಗಿಗೆ ಕಳಿಸೋಣ ಎಂದವರೂ ಇದ್ದರು. ಕಿತ್ತು ಗ್ಯಾಸ್ ಕೊಟ್ಟ ಬ್ರೇಕರ್ ಬೇರೆ, ಗಿಡದಲ್ಲೇ ತಿರುಗಿದ ಬ್ರೇಕರ್ ಬೇರೆ. ಕಳಿಸಲಿಲ್ಲ.