ಚಳ್ಳಕೆರೆ ಸೀಮೆಯಲ್ಲಿ ಒಂದು ರಾತ್ರಿಯ ಗಣೆಪದ

ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಬಂದು, ಅಲ್ಲಿಂದ ಚಳ್ಳಕೆರೆಯ ದಾರಿ ಹಿಡಿದರೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದು ಶೇಂಗಾ ಹೊಲಗಳೂ ಜಾಲಿಯ ಬಯಲೂ ತೆರೆದುಕೊಳ್ಳುತ್ತವೆ. ದನಕುರಿ ಮೇಯಿಸುವ ಕಾಡುಗೊಲ್ಲರ, ಈ ಸೀಮೆಯ ಹಟ್ಟಿಯೊಂದರಲ್ಲಿ ಹಬ್ಬದ ರಾತ್ರಿ, ಅವರು ದೇವರೆಂದು ಪೂಜಿಸುವ ದನಗಾಹಿ ವೀರ ಜುಂಜಪ್ಪನ ಪದಗಳನ್ನು ಎದುರು ಕೂತು ಕೇಳಬೇಕೆಂಬ ಬಹುದಿನದ ಆಸೆ ನನ್ನನ್ನು ಇಲ್ಲಿಗೆ ಎಳೆದು ತಂದಿತ್ತು. ಸಾವಿರಾರು ಪದಗಳನ್ನು ನೆನಪಿನಲ್ಲೇ ಉಳಿಸಿಕೊಂಡಿದ್ದ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದ ಸಿರಿಯಜ್ಜಿಯೂ ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು.

ಹಟ್ಟಿ ತಲುಪಿದಾಗ ಕತ್ತಲಾಗಿತ್ತು. ಗುಡಿಯ ಮುಂದೆ ಕರಿ ಕಂಬಳಿ ಹಾಸಿ, ಅದರ ಮೇಲೆ ಗಣೆಯನ್ನು ಇಟ್ಟಿದ್ದರು. ಗಣೆಯೆಂದರೆ ಬಿದಿರಿನ ಉದ್ದನೆಯ ಕೊಳಲು. ಹಟ್ಟಿಯವರಿಗೆ ಅದು ಬರಿಯ ವಾದ್ಯವಲ್ಲ, ಜುಂಜಪ್ಪನದೇ ವಸ್ತು. ಹಾಡುವ ಹಿರಿಯರು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ಪಂಚೆಯ ಅಂಚಿನಿಂದ ಬಾಯಿಯ ಭಾಗವನ್ನು ನಿಧಾನವಾಗಿ ಒರೆಸಿದರು. ನಾನು ಹಿಂದೆ ನಿಂತಿದ್ದನ್ನು ಕಂಡು, "ದಾವಣಗೆರೆ ಕಡೆಯೋರಾ? ಮುಂದೆ ಬಂದು ಕುಂತ್ಕಳ್ಳಿ ಸ್ವಾಮಿ, ನಡುವೆ ಎದ್ದು ಹೋಗಬಾರದು ನೋಡ್ರಿ" ಎಂದರು.

ಆಮೇಲೆ ಕೇಳಿದ್ದನ್ನು ಹೇಗೆ ಬರೆಯಲಿ? ಅವರು ಒಂದೆರಡು ಸಾಲು ಹಾಡುತ್ತಾರೆ. ಕೊನೆಯ ಸೊಲ್ಲನ್ನು ಹಿಂದಿನ ಇಬ್ಬರು ಎತ್ತಿಕೊಳ್ಳುತ್ತಾರೆ. ಅವರ ದನಿ ಇಳಿಯುವ ಮೊದಲೇ ಗಣೆ ತುಟಿಗೇರಿ, ಮಾತು ನಿಂತ ಜಾಗದಿಂದಲೇ ಸ್ವರ ಮುಂದುವರಿಯುತ್ತದೆ. ಉಸಿರು ಬಿದಿರಿನೊಳಗೆ ಹೊಕ್ಕುವ ಸದ್ದು ಸ್ವರಕ್ಕಿಂತ ಮುಂಚೆ ಕೇಳಿಸುತ್ತಿತ್ತು. ನಾನು ಧ್ವನಿಮುದ್ರಣಗಳಲ್ಲಿ ಗಣೆಯನ್ನು ಹಿನ್ನೆಲೆಯ ವಾದ್ಯವೆಂದೇ ಕೇಳಿದ್ದೆ. ಇಲ್ಲಿ, ದನಗಾಹಿ ವೀರನ ಕಥೆಯಲ್ಲಿ, ಬಾಯಿ ಹೇಳಲಾರದ್ದನ್ನು ಗಣೆ ಹೇಳುತ್ತಿತ್ತು. ಜುಂಜಪ್ಪನ ಮುದ್ದಿನ ಹೋರಿ ಬಡಮೈಲನನ್ನು ಕರೆಯುವ ಭಾಗದಲ್ಲಿ ಹಿರಿಯರು ಪದವನ್ನು ಅರ್ಧಕ್ಕೇ ಬಿಟ್ಟು ಗಣೆಯಲ್ಲೇ ಕರೆದರು. ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ ಆ ಬಿಟ್ಟ ಮಾತನ್ನು ತಾನೇ ಮುಗಿಸಿದರು. ಹಾಡುಗಾರರು ತಲೆಯಾಡಿಸಿ ಅಲ್ಲಿಂದಲೇ ಕಥೆಯನ್ನು ಮುಂದಕ್ಕೆ ಒಯ್ದರು. ಕೇಳುವವರಿಗೂ ಕಥೆ ಅಷ್ಟೇ ಬಾಯಿಪಾಠವಾಗಿರುವಲ್ಲಿ ಮಾತ್ರ ಇಂತಹ ಹಾಡಿಕೆ ಸಾಧ್ಯ. ನಗರದ ವೇದಿಕೆಯ ಮೇಲೆ ಹತ್ತು ನಿಮಿಷಕ್ಕೆ ಕತ್ತರಿಸಿ ಇದನ್ನು ತೋರಿಸುವುದು ಅನ್ಯಾಯವೆಂದು ನನಗೆ ದೃಢವಾಗಿ ಅನ್ನಿಸಿತು.

ದನಕರುಗಳ ಹಾಡು ಈ ನೆಲದಲ್ಲಿ ಉಳಿದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯ, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಹಸುಗಳ ಮೇವಿನ ಕಾವಲುಗಳು ಚಳ್ಳಕೆರೆಯ ಸುತ್ತ ಹಬ್ಬಿದ್ದವು. ಅವುಗಳ ದೊಡ್ಡ ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಮೇಯಿಸುವ ಜಾಗ ಕಡಿಮೆಯಾದಂತೆ ಮೇಯಿಸುವವರೂ ಕಡಿಮೆಯಾಗಿದ್ದಾರೆ; ಪದ ಕಲಿಯುವ ಹುಡುಗರು ಹಟ್ಟಿಯಲ್ಲಿ ಇದ್ದಾರೆ, ಗಣೆಗೆ ಬೇಕಾದ ಉಸಿರನ್ನು ರೂಢಿಸಿಕೊಂಡವರು ಇಲ್ಲವೆಂದು ಹಿರಿಯರು ಹೇಳಿದರು.

ಬೆಳಗಿನ ಚಹಾ ಕೊಟ್ಟು, ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೂ ಹೋಗಿ ಬರುವಂತೆ ಅವರು ಒತ್ತಾಯಿಸಿದರು. ಈ ಪದಗಳನ್ನು ಕೇಳಲು ಹಟ್ಟಿಗೆ ಹೊರಡುವವರು ಹಬ್ಬದ ದಿನವನ್ನು ಹಟ್ಟಿಯ ಯಜಮಾನರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು, ಇಡೀ ರಾತ್ರಿ ಕೂರುವ ಸಿದ್ಧತೆಯಿಂದ ಹೋಗಬೇಕು. ನಾನು ಅಂದೇ ಹಿರಿಯೂರಿನ ಬಸ್ಸು ಹತ್ತಿ ಕಳುವರಹಳ್ಳಿಯ ಕಡೆಗೆ ಹೊರಟೆ.